ಶಲ್ಯ ಜಾರುವ ವಯಸ್ಸು

ಇಡೀ ಅನಾಹುತಕ್ಕೆ ಕಾರಣ ಒಂದು ಪ್ಲಗ್ ಪಾಯಿಂಟು. ಕಮಲಾಪುರದ ಆ ಸರ್ಕಾರಿ ಕಚೇರಿಯ ಕೋಣೆಯಲ್ಲಿ ನಾಲ್ಕು ಪ್ಲಗ್ಗುಗಳಿದ್ದವು. ಕರೆಂಟು ಬರುತ್ತಿದ್ದದ್ದು ಒಂದರಲ್ಲಿ ಮಾತ್ರ, ಅದೂ ನಾಗಣ್ಣನ ಮೇಜಿನ ಪಕ್ಕದ್ದು. ರಘೂತ್ತಮ ಜೋಶಿ ತನ್ನ ಫೋನನ್ನು ಅಲ್ಲಿ ಚಾರ್ಜಿಗೆ ಹಾಕಿ ನೀರು ಕುಡಿಯಲು ಹೋದ. ಹೋಗಿ ಬರಲು ಹಿಡಿದದ್ದು ಎರಡು ನಿಮಿಷ. ತಿರುಗಿ ಬಂದಾಗ ನಾಗಣ್ಣ ಆ ಫೋನನ್ನು ಕಿವಿಗೆ ಹಚ್ಚಿಕೊಂಡು, ಹೊರಗೆ ಕೂತ ಜನಕ್ಕೂ ಕೇಳುವ ಹಾಗೆ ಮಾತಾಡುತ್ತಿದ್ದ.

"ಹಾಂ ಮೇಡಂ, ಹೇಳ್ತೀನ್ರಿ. ಸಂಜಿ ನಾಕರೊಳಗ ದವಾಖಾನಿಗೆ ಅಡ್ಮಿಟ್ ಆಗ್ಬೇಕು, ನಾಳಿ ಮುಂಜಾನಿ ಆಪರೇಷನ್. ಸಹಿ ಮಾಡ್ಲಾಕ ಸಂಬಂಧಿಕರೇ ಬರ್ಬೇಕು, ದೋಸ್ತರು ನಡಿಯಂಗಿಲ್ಲ. ನಾಕು ಹೊಡದ್ರ ನಂಬರು ಮುಂದಿನೋರಿಗೆ ಹೋಗ್ತದ. ಬರಾಬರ್. ಅಲ್ಲರೀ, ಯಾತರ ಆಪರೇಷನ್ ಅದು? ಹಲೋ? ಹಲೋ?"

ಆ ಕಡೆಯ ಹೆಣ್ಣುಮಗಳು ಫೋನಿಟ್ಟಿದ್ದಳು. ಅಷ್ಟಾದರೂ ಪುಣ್ಯ ಉಳಿದಿತ್ತು.

"ಜೋಶಿಯವ್ರ, ಏನ್ರೀ ಇದು? ಆಪರೇಷನ್ ಇಟ್ಕೊಂಡು ಸುಮ್ಮ ಕುಂತೀರಿ? ನಾವೇನು ಸತ್ತೀವೇನು?" ಎಂದ ನಾಗಣ್ಣ. ಐವತ್ತು ದಾಟಿದ ಈ ಮನುಷ್ಯ ಕೆಟ್ಟವನಲ್ಲ, ತೊಂದರೆಯೇ ಅದು. ಕೆಟ್ಟವರನ್ನು ದೂರ ಇಡಬಹುದು. ಉಪಕಾರ ಮಾಡಿಯೇ ತೀರುತ್ತೇನೆಂದು ಹಟ ಹಿಡಿದವರನ್ನು ಏನು ಮಾಡುವುದು? ಹಿಂದೊಮ್ಮೆ ರಘೂತ್ತಮ ಎರಡು ಸಲ ಸೀನಿದ್ದಕ್ಕೆ ನಾಗಣ್ಣ ಎಲ್ಲಿಂದಲೋ ಕಷಾಯ ತರಿಸಿ, ಮೂಗು ಹಿಡಿದು ಕುಡಿಸಿದ್ದ.

"ಏನಿಲ್ಲ ಬಿಡ್ರಿ, ಸಣ್ಣದು," ಎಂದು ರಘೂತ್ತಮ ಫೋನು ಕಸಿದುಕೊಂಡ.

ಸಣ್ಣದಾಗಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ರಘೂತ್ತಮನ ಎದೆ ಗಂಡಸರಿಗೆ ಬೇಕಾದದ್ದಕ್ಕಿಂತ ಹೆಚ್ಚು ತುಂಬಿಕೊಂಡಿತ್ತು. ಆಗ ತೋರಿಸಿದ ಡಾಕ್ಟರು, ಈ ವಯಸ್ಸಿಗೆ ಹುಡುಗರಿಗೆ ಹೀಗಾಗುತ್ತದೆ, ಎರಡು ವರ್ಷದಲ್ಲಿ ತಾನೇ ಇಳಿಯುತ್ತದೆ ಎಂದರು. ಎಲ್ಲರಿಗೂ ಇಳಿಯಿತೋ ಏನೋ, ಇವನಿಗೆ ಇಳಿಯಲಿಲ್ಲ. ಹದಿನೆಂಟಕ್ಕೆ ಆಪರೇಷನ್ ಮಾಡಿಸೋಣವೆಂದರೆ ತಾಯಿ ಇಂದೂಬಾಯಿ, "ಬೆಳಿಯೋ ಮೈಗೆ ಕತ್ತಿ ಹಚ್ಚತಾರೇನೋ?" ಎಂದು ಬೈದರು. ಇಪ್ಪತ್ತನಾಲ್ಕಕ್ಕೆ ದಿನಾ ಬೆಳಿಗ್ಗೆ ಕಲಬುರಗಿಯ ಗಾಜಿಪುರದ ತನ್ನ ಮನೆಯಿಂದ ಓಡಲು ಶುರುಮಾಡಿದ. ಆರು ತಿಂಗಳಲ್ಲಿ ಹೊಟ್ಟೆ ಹೋಯಿತು, ಕೆನ್ನೆ ಹೋಯಿತು, ಪ್ಯಾಂಟು ಸಡಿಲವಾಯಿತು. ಹೋಗಬೇಕಾದ್ದು ಮಾತ್ರ ಇದ್ದಲ್ಲೇ ಇತ್ತು. ಇಪ್ಪತ್ತೆಂಟಕ್ಕೆ ಮತ್ತೆ ಬಾಯಿಬಿಟ್ಟಾಗ ಸೋದರತ್ತೆಯೊಬ್ಬಳು, "ಲಗ್ನ ಆದ ಮ್ಯಾಲ ಯಾರು ನೋಡ್ತಾರೋ ನಿನ್ನ?" ಎಂದು ಬಾಯಿ ಮುಚ್ಚಿಸಿದಳು. ಈಗ ಮೂವತ್ತಮೂರು.

ಬೇರೆಯವರಾಗಿದ್ದರೆ ಅಂಗಿಯೊಳಗೆ ಬಾಳು ಕಳೆದುಬಿಡಬಹುದಿತ್ತು. ಇವನದು ವೈಷ್ಣವರ ಮನೆ. ಪೂಜೆಗೆ ಕೂತರೆ ಅಂಗಿ ಬಿಚ್ಚು, ಹಬ್ಬದ ಊಟಕ್ಕೆ ಕೂತರೆ ಅಂಗಿ ಬಿಚ್ಚು, ಮಠಕ್ಕೆ ಹೋದರೆ ಬಾಗಿಲಲ್ಲೇ ಬಿಚ್ಚು. ಉಳಿಯುವುದು ಹೆಗಲ ಮೇಲಿನ ಒಂದು ಶಲ್ಯ. ಶಲ್ಯವೆಂಬುದು ನಂಬಿಗಸ್ತ ವಸ್ತುವಲ್ಲ. ಬಗ್ಗಿದರೆ ಜಾರುತ್ತದೆ, ಕೈಯೆತ್ತಿದರೆ ಜಾರುತ್ತದೆ, ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದರೆ ತಾನಾಗಿ ಜಾರುತ್ತದೆ. ಹೋದ ತಿಂಗಳು ಕೋಟನೂರಿನ ಬೀಗರ ಮನೆಯಲ್ಲಿ ನಿಶ್ಚಯದ ಊಟ ನಡೆದಾಗ ರಘೂತ್ತಮ ಎರಡೂ ಮೊಳಕೈಗಳಿಂದ ಶಲ್ಯವನ್ನು ಅದುಮಿ ಹಿಡಿದು, ಬೆರಳ ತುದಿಯಿಂದ ಅನ್ನ ಕಲಸಿ ಉಂಡ. ಪಕ್ಕದ ಎಲೆಯಲ್ಲಿ ಕೂತ ಭಾವೀ ಮಾವ ಆನಂದತೀರ್ಥರು ಕುತ್ತಿಗೆತನಕ ಬಿಗಿಯಾಗಿ ಶಲ್ಯ ಹೊದ್ದು, ಪಿನ್ನು ಬೇರೆ ಚುಚ್ಚಿಕೊಂಡಿದ್ದರು. ಪಂಚಾಂಗ ನೋಡಿ ಮುಹೂರ್ತ ಇಡುವ ದೊಡ್ಡ ಪುರೋಹಿತರು. ಮಡಿ ಹೆಚ್ಚು ಎಂದು ರಘೂತ್ತಮ ಭಕ್ತಿಯಿಂದ ನೋಡಿದ್ದ.

ಮದುವೆಗೆ ಇನ್ನು ಎಂಟು ವಾರ. ಮದುಮಗ ಅರ್ಧ ದಿನ ಬರಿಮೈಯಲ್ಲಿ ಕೂಡಬೇಕು, ಎದುರಿಗೆ ಆರುನೂರು ಜನ, ಮೇಲೆ ವಿಡಿಯೋ. ಹೈದರಾಬಾದಿನಿಂದ ತಿಂಗಳಿಗೊಮ್ಮೆ ಕಲಬುರಗಿಗೆ ಬರುವ ಡಾಕ್ಟರ್ ಸಮೀವುಲ್ಲಾ ಅವರಿಗೆ ಹಿಂದಿನ ಸಲವೇ ತೋರಿಸಿ, ರಕ್ತಪರೀಕ್ಷೆ, ಸ್ಕ್ಯಾನು ಎಲ್ಲ ಮುಗಿಸಿದ್ದ. ಆಪರೇಷನ್ ಆದ ಮೇಲೆ ಆರು ವಾರ ಬಿಗಿ ಬನಿಯನ್ ಹಾಕಿರಬೇಕು ಎಂದಿದ್ದರು. ಅಂದರೆ ನಾಳೆ ಆದರೆ ಆಯಿತು. ಮುಂದಿನ ತಿಂಗಳಾದರೆ ಬನಿಯನ್ ಹಾಕಿಕೊಂಡೇ ಧಾರೆ ಎರೆಸಿಕೊಳ್ಳಬೇಕು. ನಾಳೆಗೆ ಉಳಿದಿದ್ದದ್ದು ಒಂದೇ ಜಾಗ, ಅದು ಇವನ ಹೆಸರಿನಲ್ಲಿತ್ತು. ಸಹಿ ಮಾಡಲು ಗೆಳೆಯ ನೋಮಾನ್‌ನನ್ನು ಗುಟ್ಟಾಗಿ ಗೊತ್ತುಮಾಡಿದ್ದ. ಈಗ ನೋಡಿದರೆ ಸಂಬಂಧಿಕರೇ ಬೇಕಂತೆ.

"ಸಹಿ ನಾ ಮಾಡ್ತೀನಿ," ಎಂದ ನಾಗಣ್ಣ. "ಕಾಕಾ ಅಂತ ಬರೀರಿ."

"ಜೋಶಿ ಮನಿತನಕ್ಕ ನಾಗಣ್ಣ ಪಾಟೀಲ ಕಾಕಾ ಹೆಂಗಾಗ್ತಾರ್ರಿ? ಆಧಾರ್ ಕೇಳ್ತಾರ."

"ಹಂಗಾದ್ರ ಯಾರು ಬರ್ತಾರ?"

ರಘೂತ್ತಮನಿಗೆ ರೇಗಿತು. ರೇಗಿದಾಗ ಬಾಯಿಗೆ ಬಂದ ಸುಳ್ಳು ಹೇಳುವುದು ಅವನ ಅಭ್ಯಾಸ. "ನಮ್ಮ ಮಾವನೋರು ಬರ್ತಾರ. ಕೋಟನೂರಿನಿಂದ. ಮಾತಾಡೇನಿ," ಎಂದುಬಿಟ್ಟ.

ಅಷ್ಟರಲ್ಲಿ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ಕಿಟಕಿಗೆ ಬಂದಿದ್ದ ಸೂಗಮ್ಮ ಒಳಗೆ ಇಣುಕಿದಳು. ರಘೂತ್ತಮನ ಕೆಲಸವೇ ಅದು: ಬಂದವರ ವಯಸ್ಸು ನೋಡುವುದು, ಸಾಲದಿದ್ದರೆ ತಿರುಗಿ ಕಳಿಸುವುದು. ಸೂಗಮ್ಮನಿಗೆ ಹಲ್ಲಿಲ್ಲ, ಬೆನ್ನು ಬಾಗಿದೆ. ಆಧಾರ್ ಕಾರ್ಡಿನಲ್ಲಿ ಮಾತ್ರ ಐವತ್ತೊಂಬತ್ತು.

"ಮುಂದಿನ ವರ್ಷ ಬಾ ಅಂತ ಹೇಳೀನಲ್ಲಮ್ಮಾ, ವಯಸ್ಸು ಕಡಿಮಿ ಬೀಳ್ತದ."

"ಹ್ವಾದ ವರ್ಷಾನೂ ಇದೇ ಅಂದಿದ್ದಿ ಯಪ್ಪಾ. ನಾ ಕೇಳ್ದಾಗೆಲ್ಲಾ ವಯಸ್ಸು ಒಂದು ವರ್ಷ ಮುಂದ ನಿಂತಿರ್ತದ." ಮುದುಕಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಏನ್ ಆಪರೇಷನ್ ಅಂತ? ಈ ವಯಸ್ಸಿನಾಗ ಎಂಥಾ ಆಪರೇಷನ್ನೋ? ಹರನಿಯಾ ಇದ್ರ ಅವರಿ ಎಲಿ ಅರದು ಕಟ್ಟು."

ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಹರ್ನಿಯಾ ಒಂದು ಪಕ್ಷ, ಮೂಲವ್ಯಾಧಿ ಒಂದು ಪಕ್ಷ, ಕಿಡ್ನಿ ಕಲ್ಲು ಒಂದು ಪಕ್ಷವಾಗಿತ್ತು. ಬಸ್ಸಿಗೆ ಹೋಗುತ್ತೇನೆಂದರೆ ನಾಗಣ್ಣ ಕೇಳಲಿಲ್ಲ. ಒಂದು ಇಡೀ ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಬೈಕಿಗೆ ಕಟ್ಟಿ, "ಹತ್ರಿ ಹಿಂದ. ರೋಗಿನ್ನ ಬಸ್ಸಿನಾಗ ಕಳಸ್ಲಾಕ ನಾ ಏನು ಕಸಾಯಿ ಅದೀನೇನು? ನಿಮ್ಮ ಮಾವನೋರಿಗೂ ಒಂದು ನಮಸ್ಕಾರ ಮಾಡಿ ಬರ್ತೀನಿ," ಎಂದ.

ಆ ಬಿಸಿಲಲ್ಲಿ, ಬನಿಯನ್ನಿನ ಮೇಲೆ ಅಂಗಿ, ಅಂಗಿಯ ಮೇಲೆ ಜಾಕೀಟು ಹಾಕಿಕೊಂಡು ರಘೂತ್ತಮ ಬೈಕಿನ ಹಿಂದೆ ಕೂತ. ಈ ಜಾಕೀಟು ಅವನು ವರ್ಷವಿಡೀ ಬಿಚ್ಚುವುದಿಲ್ಲ. ಎಲೆಕ್ಷನ್ನಿಗೆ ನಿಲ್ಲುತ್ತೀರೇನು ಎಂದು ಜನ ಕೇಳಿ ಕೇಳಿ ಬಿಟ್ಟಿದ್ದರು. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ: ಮಾವ ಎಲ್ಲಿಂದ ಬರಬೇಕು? ಹೇಳಿದ ಸುಳ್ಳು ಹಾಳಾಗಲಿ, ಸಹಿಗೆ ನಿಜವಾಗಿ ಯಾರಾದರೂ ಬೇಕಲ್ಲ. ನಾಲ್ಕರೊಳಗೆ ಬಂದು ಮುಟ್ಟಬಲ್ಲ ಸಂಬಂಧಿಕರೆಂದರೆ ತಾಯಿ ಒಬ್ಬರೇ. ತಾಯಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ, ಆದರೆ ಗತಿಯಿಲ್ಲ.

ಕಪನೂರದ ಹತ್ತಿರ ಬೈಕು ಪಂಕ್ಚರ್ ಆಯಿತು. ನಾಗಣ್ಣ ಅಂಗಡಿಯವನ ಮುಂದೆ ಕೂತು ಟ್ಯೂಬಿನ ತಪಾಸಣೆಗೆ ತೊಡಗಿದ್ದೇ ತಡ, ರಘೂತ್ತಮ ಪಕ್ಕದ ವರ್ಕ್‌ಶಾಪಿನ ಗೋಡೆಯ ಮರೆಗೆ ಓಡಿದ. ಒಳಗೆ ಕಬ್ಬಿಣ ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಒಳ್ಳೆಯದೇ ಆಯಿತು, ಯಾರಿಗೂ ಕೇಳುವುದಿಲ್ಲ ಎಂದುಕೊಂಡು ಮನೆಗೆ ಫೋನು ಮಾಡಿದ.

"ಅವ್ವಾ, ಜರಾ ದವಾಖಾನಿಗೆ ಬಾ. ಸಹಿ ಬೇಕಾಗ್ಯದ."

"ಯಾತರದೋ? ಕೇಳವಲ್ತು! ಜೋರಾಗಿ ಹೇಳು!"

"ಆಪರೇಷನ್! ನಂದು!"

"ಏನು ಆಪರೇಷನ್? ಏ ರಘ್ಯಾ, ಬಿಡಿಸಿ ಹೇಳೋ!"

ರಘೂತ್ತಮ ಕಣ್ಣು ಮುಚ್ಚಿ, ಹತ್ತೊಂಬತ್ತು ವರ್ಷದ ಗುಟ್ಟನ್ನು ಗಂಟಲು ಹರಿಯುವಂತೆ ಕಿರುಚಿದ: "ಎದಿ ಸಣ್ಣದು ಮಾಡಸೋ ಆಪರೇಷನ್!"

ಸರಿಯಾಗಿ ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಯಂತ್ರ ನಿಂತಿತು. ಕಪನೂರಕ್ಕೆ ಕಪನೂರವೇ ಸ್ತಬ್ಧವಾಗಿದ್ದ ಹೊತ್ತಿನಲ್ಲಿ ಆ ನಾಲ್ಕು ಶಬ್ದ ಮಾತ್ರ ತಗಡಿನ ಮಾಡಿಗೆ ಬಡಿದು ತಿರುಗಿ ಬಂದವು. ವರ್ಕ್‌ಶಾಪಿನಿಂದ ಮೂರು ತಲೆ ಹೊರಬಂದವು. ಪಂಕ್ಚರ್ ಅಂಗಡಿಯಿಂದ ನಾಗಣ್ಣನ ತಲೆ ಎದ್ದಿತು.

ಫೋನಿನ ಆ ಕಡೆಯಿಂದ "ಅಗ ಬಾಯಿ!" ಎಂಬ ಉದ್ಗಾರ ಕೇಳಿತು. ಅದು ತಾಯಿಯ ದನಿಯಾಗಿರಲಿಲ್ಲ.

"ಅವ್ವಾ, ಯಾರದ ಅದು?"

"ಲಲಿತಾಬಾಯಿ, ಮತ್ತ ನಮ್ಮ ಓಣಿಯವರು. ಲಗ್ನದ ಹಪ್ಪಳಾ ಲಟಸ್ಲಿಕ್ಕೆ ಬಂದಾರ. ನನ್ನ ಕೈಗೆಲ್ಲಾ ಹಿಟ್ಟು, ಅದಕ್ಕ ಸ್ಪೀಕರ್ ಹಾಕೀನಿ."

ರಘೂತ್ತಮ ಅಲ್ಲೇ ಒಂದು ಕಬ್ಬಿಣದ ತುಂಡಿನ ಮೇಲೆ ಕುಸಿದು ಕೂತ. ಅದು ಬಿಸಿಲಿಗೆ ಕಾದಿತ್ತು, ಎದ್ದು ನಿಂತ. ಗಾಜಿಪುರದ ಮಹಿಳಾ ಮಂಡಲ ಅಷ್ಟರಲ್ಲಿ ವಿಷಯವನ್ನು ಕೈಗೆತ್ತಿಕೊಂಡಿತ್ತು.

"ಇಂಥಾದ್ದನ್ನ ಹದಿನೆಂಟಕ್ಕs ಮಾಡಸ್ಬೇಕ್ರಿ," ಎಂದಿತು ಒಂದು ದನಿ.

"ಛೀ, ಹದಿನೆಂಟು ಅಂದ್ರ ಕೂಸು. ಇಪ್ಪತ್ತೈದು ಆಗ್ಲಿಕ್ಕೆ ಬೇಕು."

"ಲಗ್ನ ಆಗಿ, ಎರಡು ಮಕ್ಕಳಾದ ಮ್ಯಾಲ ಮಾಡಸ್ಲಿ. ಅವಸರ ಏನದ?"

"ಮಕ್ಕಳಿಗೂ ಅದಕ್ಕೂ ಏನ್ರೀ ಸಂಬಂಧ? ಅವನೇನು ಹಾಲು ಕುಡಸ್ತಾನ?"

"ನಾ ಆಗs ಹೇಳಿದ್ದೆ," ಎಂದರು ಇಂದೂಬಾಯಿ, "ಹದಿನೆಂಟಕ್ಕ ಮುಗಿಸಿಬಿಡು ಅಂತ. ಕೇಳಿದನs? ಈಗ ಮೂವತ್ತಮೂರಕ್ಕ ಹೊಂಟಾನ!"

"ಅವ್ವಾ! ಬ್ಯಾಡ ಅಂದಾಕಿ ನೀನs!"

"ನಾ ಯಾಕ ಬ್ಯಾಡ ಅಂತೀನಿ? ಸುಳ್ಳು ಹೇಳಬ್ಯಾಡ. ಈಗ ನಾ ಬರೂದು ಆಗೂದಿಲ್ಲ, ಹಿಟ್ಟು ಒಣಗ್ತದ. ನಾಳಿ ಬರ್ತೀನಿ."

"ನಾಳಿ ಅಲ್ಲವ್ವಾ, ನಾಕು ಗಂಟಿಗೆ..." ಲಲಿತಾಬಾಯಿಯ ದನಿ ನಡುವೆ ಬಂತು: "ಇಂದೂಬಾಯಿ, ಬೀಗರಿಗೆ ಒಂದು ಮಾತು ಹೇಳ್ಬೇಕಲ್ಲರಿ. ಈ ಸಂಬಂಧ ಕುದುರಿಸಿದಾಕಿ ನಾನು. ನಾಳಿ ನನ್ನ ಮ್ಯಾಲ ಬರ್ತದ. ನಾ ಈಗs ಫೋನ್ ಮಾಡ್ತೀನಿ." ರಘೂತ್ತಮ ಬೇಡ ಬೇಡ ಎಂದು ಕೂಗುತ್ತಿರುವಾಗ ಕರೆಂಟು ಬಂತು, ಯಂತ್ರ ಮತ್ತೆ ಕಿರುಚಿತು.

ಬೈಕು ಮತ್ತೆ ಹೊರಟಿತು. ನಾಗಣ್ಣ ಹಿಂದೆ ತಿರುಗದೆ ಹೇಳಿದ, "ಜೋಶಿಯವ್ರ, ಅದಕ್ಕs ಏನ್ರಿ ಜಾಕೀಟು? ನಾ ನೀವು ಎಮ್ಮೆಲ್ಲೆಗೆ ನಿಲ್ತೀರಂತ ತಿಳಿದಿದ್ದೆ. ಏನೂ ಫಿಕರ್ ಮಾಡಬ್ಯಾಡ್ರಿ, ಯಾರಿಗೂ ಹೇಳಂಗಿಲ್ಲ. ಆಫೀಸಿನೋರು ಬಿಟ್ರ ಯಾರಿಗೂ ಹೇಳಂಗಿಲ್ಲ."

ದವಾಖಾನೆ ಮುಟ್ಟಿದಾಗ ಮೂರೂ ಮುಕ್ಕಾಲು. ನಾಗಣ್ಣ ಬೈಕಿಗೆ ನೆರಳು ಹುಡುಕುತ್ತಾ ಹೋದ. ರಘೂತ್ತಮ ಮೆಟ್ಟಿಲು ಹತ್ತಿ ಕೌಂಟರಿನ ಎದುರು ನಿಂತ. ಅಲ್ಲಿ ಕೂತಿದ್ದ ಆಸ್ಫಿಯಾ, ಬೆಳಿಗ್ಗೆ ಫೋನು ಮಾಡಿದ ಹೆಣ್ಣುಮಗಳು, ಗಡಿಯಾರ ನೋಡಿ, "ಸಂಬಂಧಿಕರು ಎಲ್ಲಿ ಸರ್?" ಎಂದಳು.

"ಬರ್ಲಿಕತ್ತಾರ."

"ಇನ್ನ ಹದಿನೈದು ಮಿನಿಟು ಅದ ನೋಡ್ರಿ. ಹಿಂದ ವೇಟಿಂಗ್‌ನಾಗ ಒಬ್ಬರು ಕುಂತಾರ."

ಆ ಒಬ್ಬರು ಯಾರೆಂದು ರಘೂತ್ತಮ ತಿರುಗಿ ನೋಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ಒಬ್ಬ ಹಿರಿಯ ಮನುಷ್ಯ ಮಾಸ್ಕು, ಕರಿ ಕನ್ನಡಕ, ತಲೆಗೆ ಮಫ್ಲರ್ ಸುತ್ತಿಕೊಂಡು ಪೇಪರು ಓದುತ್ತಿದ್ದರು. ಪೇಪರು ತಲೆಕೆಳಗಾಗಿತ್ತು. ರಘೂತ್ತಮ ಪಕ್ಕದಲ್ಲಿ ಕೂತು ಉಗುರು ಕಚ್ಚತೊಡಗಿದ. ಅಷ್ಟರಲ್ಲಿ ಆ ಮನುಷ್ಯರ ಫೋನು ವಿಷ್ಣುಸಹಸ್ರನಾಮ ಹೇಳಿತು.

"ಹಲೋ... ಹೌದು, ಸೋಲಾಪುರದಾಗs ಇದ್ದೇನಿ. ಪಾರಾಯಣ ನಡದದ... ಏನಂದಿ? ಲಲಿತಾಬಾಯಿ?... ಅಳಿಯಂದಿರಿಗೆ?... ಎದಿ?... ಯಾವ ದವಾಖಾನಿ?"

ದನಿ ಕೇಳಿ ರಘೂತ್ತಮ ಉಗುರು ಕಚ್ಚುವುದನ್ನು ಬಿಟ್ಟು ಆ ಕಡೆ ನೋಡಿದ. ಕನ್ನಡಕ ನಿಧಾನವಾಗಿ ಇವನ ಕಡೆ ತಿರುಗಿತು.

"ಮಾವನೋರ!"

"ಅಳಿಯಂದಿರ!" ಎಂದು ಆನಂದತೀರ್ಥರು ಫೋನು ಕೆಳಗಿಟ್ಟರು. ಮೂವತ್ತು ವರ್ಷ ಯಜಮಾನರ ಪ್ರಶ್ನೆಗಳಿಗೆಲ್ಲ ಸ್ಥಳದಲ್ಲೇ ಉತ್ತರ ಹೇಳಿ ಪಳಗಿದ ನಾಲಿಗೆ ಅವರದು, ಗಂಟಲು ಸರಿಮಾಡಿಕೊಂಡರು. "ನಿಮ್ಮ ಸುದ್ದಿ ತಿಳೀತು. ತಿಳಿದ ಕೂಡಲೆ ಓಡಿ ಬಂದೆ. ಮನಿಯವರಿಗೆ ಸೋಲಾಪುರ ಅಂತ ಹೇಳೀನಿ, ನಿಮ್ಮ ಮರ್ಯಾದಿ ಉಳೀಲಿ ಅಂತ."

ರಘೂತ್ತಮನಿಗೆ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆ ಹೇಳಿದ ಸುಳ್ಳನ್ನು ದೇವರು ಹೀಗೆ ನಿಜ ಮಾಡಬೇಕೆ! ಸುದ್ದಿ ಈಗಷ್ಟೇ ಫೋನಿನಲ್ಲಿ ಬಂತಲ್ಲ, ಇವರು ಅದಕ್ಕಿಂತ ಮೊದಲೇ ಹೇಗೆ ಬಂದು ಕೂತರು ಎಂಬ ಪ್ರಶ್ನೆ ಹುಟ್ಟಬೇಕಿತ್ತು. ಕೃತಜ್ಞತೆಯಲ್ಲಿ ತೇಲುವವನಿಗೆ ಅದೆಲ್ಲಿ ಹೊಳೆಯಬೇಕು?

"ಮಾವನೋರ, ಒಂದು ಸಹಿ ಮಾಡಿಕೊಡ್ರಿ. ನಾಕರೊಳಗ ಆಗ್ಬೇಕು," ಎಂದು ಕೈಮುಗಿದು ಫಾರಂ ಮುಂದಿಟ್ಟ.

"ಮಾವ ಅಂದ್ರ ಹೆಂಗ್ರಿ? ಏನು ಪ್ರೂಫ್ ಅದ?" ಎಂದಳು ಆಸ್ಫಿಯಾ. ಆನಂದತೀರ್ಥರು ಚೀಲದಿಂದ ಹಂಚಲು ಇಟ್ಟುಕೊಂಡಿದ್ದ ಲಗ್ನಪತ್ರಿಕೆ ತೆಗೆದು ತೋರಿಸಿದರು. ಆಕೆ ಎರಡೂ ಹೆಸರು ಓದಿ, "ನಡೀತದ," ಎಂದಳು.

ಆನಂದತೀರ್ಥರು ಪೆನ್ನು ತೆಗೆದರು, ಕ್ಯಾಪು ಬಿಚ್ಚಿದರು, ಫಾರಂ ಮೇಲೆ ಬಗ್ಗಿದರು. ಆಮೇಲೆ ತಟ್ಟನೆ ತಲೆಯೆತ್ತಿ ಗಡಿಯಾರ ನೋಡಿದರು. ಮೂರೂ ಐವತ್ತು.

"ಛೇ ಛೇ. ಈಗ ಗಳಿಗಿ ಛಲೋ ಇಲ್ಲ."

"ಆಂ?"

"ಕತ್ತಿ ಹಚ್ಚೋ ಕೆಲಸ, ಕೆಟ್ಟ ಗಳಿಗ್ಯಾಗ ಸಹಿ ಮಾಡ್ಲೇನು? ನನ್ನ ಮಗಳ ಕುಂಕುಮದ ಪ್ರಶ್ನಿ ಅದ. ಹತ್ತs ಹತ್ತು ನಿಮಿಷ ತಡೀರಿ, ಛಲೋ ಗಳಿಗಿ ಬರ್ತದ."

ಮದುವೆಯ ಮುಹೂರ್ತ ಇಟ್ಟವರು ಅವರೇ. ಅವರ ಮಾತು ಮೀರುವುದುಂಟೆ? ಹುಟ್ಟಿದ್ದು, ಮುಂಜಿವೆ, ನೌಕರಿಗೆ ಸೇರಿದ್ದು ಎಲ್ಲವೂ ಗಳಿಗೆ ನೋಡಿಯೇ ಆದವನಿಗೆ ಈ ಒಂದು ಸಹಿ ಕೆಟ್ಟ ಗಳಿಗೆಯಲ್ಲಿ ಬೇಕೆನ್ನುವ ಧೈರ್ಯ ಬರಲಿಲ್ಲ. ಮೂರೂ ಐವತ್ತೈದಾಯಿತು. ಐವತ್ತೆಂಟಾಯಿತು. "ಆತೇನ್ರಿ ಮಾವನೋರ?" "ತಡೀರಿ." ಐವತ್ತೊಂಬತ್ತಾಯಿತು. ಮಾವ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು.

ನಾಲ್ಕು ಹೊಡೆಯಿತು. ಆನಂದತೀರ್ಥರು ಕಣ್ಣು ಬಿಟ್ಟು, "ಈಗ ಬಂತು ನೋಡ್ರಿ," ಎಂದರು.

"ಟೈಮ್ ಆಯ್ತು ಸರ್, ನಿಮ್ಮ ನಂಬರು ಹೋಯ್ತು," ಎಂದು ಆಸ್ಫಿಯಾ ಫಾರಂ ಎಳೆದುಕೊಂಡು ಮುಂದಿನ ಹೆಸರು ಕೂಗಿದಳು: "ಆನಂದತೀರ್ಥ. ವಯಸ್ಸು ಐವತ್ತೊಂಬತ್ತು. ಗಂಡಸರ ಎದಿ ಆಪರೇಷನ್. ಬರ್ರಿ."

ಪಿನ್ನು ಚುಚ್ಚಿದ ಶಲ್ಯ ರಘೂತ್ತಮನ ಕಣ್ಣೆದುರು ಬಂದು ನಿಂತಿತು.

"ಮಾವನೋರ... ನೀವೂ?"

"ಮೆಲ್ಲಗ, ಮೆಲ್ಲಗ!" ಆನಂದತೀರ್ಥರು ಅವನನ್ನು ಮೂಲೆಗೆ ಎಳೆದರು. "ನಲವತ್ತು ವರ್ಷ ಆತು ಅಳಿಯಂದಿರ. ಮಂದಿಗೆಲ್ಲಾ ಮುಹೂರ್ತ ಇಟ್ಟೆ, ನಂದು ಮಾತ್ರ ಕೂಡಿ ಬರ್ಲಿಲ್ಲ. ಸಣ್ಣಾಂವ ಇದ್ದಾಗ ಇನ್ನೂ ಸಣ್ಣಾಂವ ಅಂದ್ರು, ಈಗ ಮುದುಕ ಆದಿ ಅಂತಾರ."

"ಆದ್ರ ಲಗ್ನ ನಂದಲ್ಲೇನ್ರೀ?"

"ಕನ್ಯಾದಾನ ನಂದಲ್ಲ? ನಿಮಗ ಹಾರ ಇರ್ತದ, ಬಾಸಿಂಗ ಇರ್ತದ, ಮುಚ್ಕೋಬಹುದು. ನಾ ಎರಡೂ ಕೈ ಎತ್ತಿ ಧಾರಿ ಎರೀಬೇಕು. ಶಲ್ಯ ನಿಲ್ತದೇನು ಹೇಳ್ರಿ?"

ಆ ಹೊತ್ತಿಗೆ ಡಾಕ್ಟರ್ ಸಮೀವುಲ್ಲಾ ಹೊರಗೆ ಬಂದರು. ರಘೂತ್ತಮ ಅವರ ಕಾಲಿಗೆ ಬೀಳುವುದೊಂದು ಬಾಕಿ. "ಡಾಕ್ಟರ್ ಸಾಹೇಬ್ರ, ನೀವs ಹೇಳ್ರಿ. ಇದಕ್ಕ ಸರಿಯಾದ ವಯಸ್ಸು ಯಾವುದು? ಮೂವತ್ತಮೂರೋ ಐವತ್ತೊಂಬತ್ತೋ?"

ಮೂಲತಃ ಕಲಬುರಗಿಯವರೇ ಆದ ಡಾಕ್ಟರು ಇಬ್ಬರನ್ನೂ ನೋಡಿ ನಕ್ಕರು. "ನೋಡ್ರಿ, ಹದಿನಾಕು ಹದಿನೈದಕ್ಕ ಬಂದ್ರ ನಾ ತಡೀರಿ ಅಂತೀನಿ, ಭಾಳ ಮಂದಿಗೆ ತಾನೇ ಇಳೀತದ. ಹದಿನೆಂಟು ದಾಟಿ, ಬೆಳವಣಗಿ ನಿಂತು, ವರ್ಷ ಕಳೆದ್ರೂ ಹಂಗೇ ಇದ್ರ ಆಮ್ಯಾಲ ಯಾವಾಗ ಬೇಕಾದ್ರೂ ಮಾಡಸ್ಬಹುದು. ತೂಕ ಒಂದೇ ನಮೂನಿ ಇರ್ಬೇಕು, ಮೈ ಗಟ್ಟಿ ಇರ್ಬೇಕು. ವಯಸ್ಸಾದೋರಿಗೆ ಜರಾ ಹೆಚ್ಚಿಗಿ ತಪಾಸಣಿ ಮಾಡ್ತೀವಿ, ಇವರದು ಮಾಡೀವಿ, ಎಲ್ಲಾ ಠೀಕ್ ಅದ. ವಯಸ್ಸು ನಿಮ್ಮಿಬ್ಬರದೂ ಬರಾಬರ್ ಅದ. ನಾಳಿ ಜಾಗಾನೇ ಒಂದು ಅದ. ಇವರ ಸಹಿಗೆ ಯಾರು?"

ಆನಂದತೀರ್ಥರು ಅದೇ ಲಗ್ನಪತ್ರಿಕೆಯನ್ನು ಕೌಂಟರಿನ ಮೇಲಿಟ್ಟು, ಅದೇ ಪೆನ್ನನ್ನು ಅಳಿಯನ ಕೈಗೆ ಕೊಟ್ಟರು. "ಈಗ ಗಳಿಗಿ ಛಲೋ ಅದ," ಎಂದರು.

ರಘೂತ್ತಮನಿಗೆ ಆ ಪೆನ್ನನ್ನು ಮುರಿದು ಎಸೆಯುವಷ್ಟು ಸಿಟ್ಟು ಬಂತು. ಆದರೆ ಎಸೆದರೆ ಮದುವೆ ಏನಾಗುತ್ತದೋ! ಮಂಜುಷಾ ಒಳ್ಳೆಯ ಹುಡುಗಿ, ದಿನಾ ರಾತ್ರಿ ಫೋನಿನಲ್ಲಿ ನಗಿಸುತ್ತಾಳೆ. ಅವಳಿಗಾಗಿಯೇ ತಾನೇ ಈ ಪಾಡೆಲ್ಲ? ಸಹಿ ಹಾಕಿದ. ಸಂಬಂಧ ಎಂಬಲ್ಲಿ 'ಅಳಿಯ' ಎಂದು ಬರೆದ. ಅದರ ಮೇಲೆ ಮಾವ ರಾಯರ ಆಣೆ ಹಾಕಿಸಿಕೊಂಡರು, ಈ ವಿಷಯ ಯಾರಿಗೂ, ಮಂಜುಷಾಗೂ, ಜೀವ ಹೋದರೂ ಹೇಳಕೂಡದೆಂದು.

ಒಳಗಿನ ಕೋಣೆಯಲ್ಲಿ ಮಾವನಿಗೆ ಮಂಚ, ಅಳಿಯನಿಗೆ ಸ್ಟೂಲು ಸಿಕ್ಕಿತು. ರೋಗಿಗಳು ಹಾಕಿಕೊಳ್ಳುವ ಹಸಿರು ನಿಲುವಂಗಿಯನ್ನು ಆನಂದತೀರ್ಥರು ಬಿಡಿಸಿ ನೋಡುತ್ತಿದ್ದಾಗ ಹೊರಗೆ ಗಟ್ಟಿ ದನಿ ಕೇಳಿತು: "ಜೋಶಿಯವರ ರೂಮ್ ಯಾವುದ್ರೀ? ಎದಿ ಆಪರೇಷನ್ ಜೋಶಿ!"

"ಯಾರದು?" ಎಂದರು ಮಾವ, ಮುಖ ಬಿಳುಚಿಕೊಂಡು.

"ನಮ್ಮ ಆಫೀಸಿನ ನಾಗಣ್ಣ."

ಐವತ್ತೊಂಬತ್ತು ವರ್ಷದ ಮನುಷ್ಯ ಅಷ್ಟು ಚುರುಕಾಗಿ ಮಂಚದಿಂದ ಹಾರಿದ್ದನ್ನು ರಘೂತ್ತಮ ಹಿಂದೆಂದೂ ನೋಡಿರಲಿಲ್ಲ. "ಮಲಕೋರಿ! ರಾಯರ ಆಣಿ ಅದ!" ಎನ್ನುತ್ತಾ ನಿಲುವಂಗಿಯನ್ನು ಅಳಿಯನ ಕೊರಳಿಗೆ ಹಾಕಿ, ಮಂಚಕ್ಕೆ ನೂಕಿ, ಗಲ್ಲದ ತನಕ ಚಾದರ ಎಳೆದು, ತಾವು ಸ್ಟೂಲಿನ ಮೇಲೆ ಕೂತು ಅವನ ಹಣೆ ಸವರತೊಡಗಿದರು.

ನಾಗಣ್ಣ ಬಾಳೆಹಣ್ಣಿನ ಚಿಪ್ಪಿನೊಂದಿಗೆ ಬಾಗಿಲಲ್ಲಿ ನಿಂತು ಈ ದೃಶ್ಯ ನೋಡಿದ. "ಮಾವನೋರು ಅಂದ್ರ ನೀವೇ ಏನ್ರಿ? ಹಡದ ತಂದಿನೂ ಹಿಂಗ ಮಾಡಂಗಿಲ್ಲ. ಜೋಶಿಯವ್ರ, ಪುಣ್ಯಾ ಮಾಡೀರಿ," ಎಂದು ಫೋನು ತೆಗೆದು ಪಟಕ್ಕನೆ ಒಂದು ಫೋಟೋ ಹೊಡೆದ. ಬೆಳಗಿನವರೆಗೆ ಏನೂ ತಿನ್ನಬಾರದೆಂದು ಬಾಗಿಲಲ್ಲಿ ಬರೆದಿದ್ದರೂ ಎರಡು ಹಣ್ಣು ಸುಲಿದು ರಘೂತ್ತಮನ ಬಾಯಿಗಿಟ್ಟು ಹೋದ. ಇವನಿಗಂತೂ ತಿನ್ನಲು ಅಡ್ಡಿಯಿರಲಿಲ್ಲ, ತಿಂದ.

ಫೋಟೋ ಸಂಜೆಯೊಳಗೆ ಕಮಲಾಪುರದ ಕಚೇರಿಯ ಗುಂಪಿಗೂ, ಅಲ್ಲಿಂದ ಗಾಜಿಪುರಕ್ಕೂ, ಅಲ್ಲಿಂದ ಕೋಟನೂರಕ್ಕೂ ಮುಟ್ಟಿತು. ಅಳಿಯನ ಮಾನ ಕಾಯಲು ಸೋಲಾಪುರದ ಸುಳ್ಳು ಹೇಳಿ, ಹಗಲೂ ರಾತ್ರಿ ಸೇವೆಗೆ ನಿಂತ ಆನಂದತೀರ್ಥರ ದೊಡ್ಡತನವನ್ನು ಜನ ವಾರಗಟ್ಟಲೆ ಆಡಿಕೊಂಡರು. ದವಾಖಾನೆಯಲ್ಲಿದ್ದ ನಾಲ್ಕು ದಿನ ಅವರಿಗೆ ಗಂಜಿ ಕುಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಬಿಗಿ ಬನಿಯನ್ನಿನ ಕೊಂಡಿ ಹಾಕಿದವನು ಯಾರೆಂದು ಯಾರೂ ಕೇಳಲಿಲ್ಲ. ನೋಡಲು ಬರುತ್ತೇನೆಂದ ತಾಯಿಯನ್ನು ರಘೂತ್ತಮ ನಂಜಾಗುತ್ತದೆಂದು ಹೇಳಿ ತಡೆದ.

ಎಂಟು ವಾರ ಕಳೆದು ಮದುವೆ ಬಂತು. ಮಂಟಪದಲ್ಲಿ ಆರುನೂರು ಜನ ಕೂತಿದ್ದರು. ಸಾಮಾನ್ಯವಾಗಿ ಜನ ಮದುಮಗಳನ್ನು ನೋಡುತ್ತಾರೆ, ಸೀರೆ ನೋಡುತ್ತಾರೆ. ಅವತ್ತು ಆರುನೂರು ಜನವೂ ಒಂದೇ ಜಾಗವನ್ನು ನೋಡುತ್ತಿದ್ದರು. ಆಪರೇಷನ್ ಹೇಗಾಗಿದೆ ಎಂದು ನೋಡಬೇಕಲ್ಲ!

ಆನಂದತೀರ್ಥರು ಎರಡೂ ಕೈಯೆತ್ತಿ ಧಾರೆ ಎರೆದರು. ಶಲ್ಯ ಜಾರಿತು. ಅವರು ಅದನ್ನು ಸರಿಮಾಡಿಕೊಳ್ಳಲಿಲ್ಲ.

"ನೋಡ್ರಿ ಅವರನ್ನ," ಎಂದರು ಮುಂದಿನ ಸಾಲಿನ ಲಲಿತಾಬಾಯಿ, "ಅರವತ್ತು ಬಂತು, ಎದಿ ಹೆಂಗ ಹಲಗಿ ಇದ್ದಂಗ ಅದ. ದಿನಾ ಸೂರ್ಯನಮಸ್ಕಾರ ಹಾಕ್ತಾರಂತ. ಈ ಹುಡುಗ ಆಪರೇಷನ್ ಮಾಡ್ಸಿನೂ ಏನು ಉಪಯೋಗ ಆಗ್ಯದ ಹೇಳ್ರಿ?"

"ವಯಸ್ಸು ಮೀರಿತ್ತವ್ವಾ," ಎಂದರು ಇಂದೂಬಾಯಿ ಕಣ್ಣೊರೆಸಿಕೊಳ್ಳುತ್ತಾ. "ಹದಿನೆಂಟಕ್ಕs ಮಾಡಸ್ಬೇಕಿತ್ತು."

ಹಾರದ ಹಿಂದೆ ಎದೆ ಬಚ್ಚಿಟ್ಟುಕೊಂಡು ತಲೆ ತಗ್ಗಿಸಿದ್ದ ರಘೂತ್ತಮನ ಕಿವಿಯ ಹತ್ತಿರ ಮಂಜುಷಾ ಬಗ್ಗಿ ಪಿಸುಗುಟ್ಟಿದಳು: "ನಿಮಗ ಆಪರೇಷನ್ ಆಗೇ ಇಲ್ಲಂತ ನನಗ ಗೊತ್ತದರೀ. ಆರು ವಾರ ಅಪ್ಪನ ಬನಿಯನ್ ಒಗದಾಕಿ ನಾನs."

ರಘೂತ್ತಮನಿಗೆ ಹೋದ ಜೀವ ಬಂದಂತಾಯಿತು. "ಖರೇನ? ಹಂಗಾದ್ರ ಮಂದಿಗೆ ಹೇಳ್ತೀಯೇನು?"

"ಅಯ್ಯ, ಹುಚ್ಚರs ನೀವು! ಅಪ್ಪಗ ಎಷ್ಟು ಬ್ಯಾಸರ ಆಗ್ತದ," ಎಂದಳು ಮಂಜುಷಾ.

ಅಕ್ಷತೆ ಹಾಕಲು ಸಾಲಿನಲ್ಲಿ ಮೊದಲು ಬಂದವನು ನಾಗಣ್ಣ. ಕೈತುಂಬ ಅಕ್ಷತೆ ಹಾಕಿ, ಹಾರವನ್ನು ಒಂದು ಬೆರಳಿನಿಂದ ಸರಿಸಿ ನೋಡಿ, ತಲೆಯಾಡಿಸಿ, ಇಡೀ ಮಂಟಪಕ್ಕೆ ಕೇಳುವ ಹಾಗೆ ಹೇಳಿದ: "ಜೋಶಿಯವ್ರ, ಇದು ಬರಾಬರ್ ಆಗಿಲ್ಲ. ಏನೂ ಫಿಕರ್ ಬ್ಯಾಡ, ಮುಂದಿನ ತಿಂಗಳು ಇನ್ನೊಮ್ಮಿ ಮಾಡಸೋಣು. ನಿಮ್ಮ ಮಾವನೋರಿಗೆ ಮತ್ತ ಯಾಕ ತ್ರಾಸು ಕೊಡ್ತೀರಿ, ಈ ಸಲ ಸಹಿ ನಾ ಮಾಡ್ತೀನಿ."